ಕೆಂಡದ ಅಡುಗೆಯ ಪರಿಕರಗಳು: ಆಯ್ಕೆಯಲ್ಲಿ ಎಚ್ಚರ ಅಗತ್ಯ

ಕೆಂಡದ ಮೇಲೆ ಸುಡುವ ಅಡುಗೆ ಯಲ್ಲಾಪುರ ತಾಲೂಕಿನ ವಜ್ರಳ್ಳಿ ಸೀಮೆಗೆ ಹೊಸದಲ್ಲ. ಹಲಸಿನ ಹಪ್ಪಳ, ಗೊಜ್ಜಿನ ಬದನೆಕಾಯಿಗಳಿಗೆ ಕೆಂಡದ ರುಚಿಯೇ ಬೇರೆ. ಹಿತ್ತಿಲಿನಲ್ಲಿ ಇದ್ದಿಲು ಒಲೆ ಹೂಡುವವರಿಗೆ ಪರಿಕರ ಒದಗಿಸುವ ವರ್ತಕರು ಹಾಗೂ ತಯಾರಕರು ಕೆಲವು ಅಂಶಗಳನ್ನು ಗಮನಿಸುವುದು ಅವಶ್ಯ.

ಇವುಗಳಲ್ಲಿ ಮುಖ್ಯವಾದುದು ಜಾಲರಿ. ಬೇಲಿಗೆ ಬಳಸುವ ಸತುವು ಲೇಪಿತ ಜಾಲರಿ ಅಗ್ಗವಾದರೂ ಅಡುಗೆಗೆ ಸಲ್ಲದು. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಿಗಿನಿಗಿ ಕೆಂಡದ ಶಾಖ ಅದನ್ನು ಮೀರುತ್ತದೆ. ಲೇಪವು ಆಹಾರಕ್ಕೆ ಸೇರುವ, ಅದರ ಹೊಗೆಯಿಂದ ಜ್ವರ ಬರುವ ಅಪಾಯವಿದೆ. ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಉಳ್ಳ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಲೇಪವಿಲ್ಲದ ಕಬ್ಬಿಣ ಸೂಕ್ತ. ಮಳೆಗಾಲದಲ್ಲಿ ಕಬ್ಬಿಣ ತುಕ್ಕು ಹಿಡಿಯುವುದರಿಂದ ಅಡುಗೆ ಎಣ್ಣೆ ಸವರಿಡುವಂತೆ ಗ್ರಾಹಕರಿಗೆ ತಿಳಿಸಬೇಕು.

ಇಕ್ಕಳವು ಮೊಳದುದ್ದವಿದ್ದು, ಹಿಡಿಗೆ ಮರ ಕೂಡಿಸಿರಬೇಕು. ಸಲಾಕೆ ಚಪ್ಪಟೆಯಾಗಿರಲಿ, ದುಂಡು ಸಲಾಕೆಯಲ್ಲಿ ತುಂಡುಗಳು ಜಾರಿ ತಿರುಗುವುದರಿಂದ ಒಂದೇ ಬದಿ ಬೇಯುತ್ತದೆ. ತಂತಿ ಬ್ರಷ್ಷಿನ ಎಳೆ ಮುರಿದು ಆಹಾರಕ್ಕೆ ಸೇರಬಹುದು. ಆರಿದ ಜಾಲರಿ ಉಜ್ಜಲು ತೆಂಗಿನ ನಾರೇ ಲೇಸು.

ಲೋಹದ ದರ್ಜೆಯನ್ನು ಬಿಲ್ಲಿನಲ್ಲಿ ನಮೂದಿಸುವುದು ಉತ್ತಮ. ಬೆಲೆ ತುಸು ಹೆಚ್ಚಾದರೂ ಅದರ ಕಾರಣವನ್ನು ಗ್ರಾಹಕರು ಅರಿಯುತ್ತಾರೆ. ಅಂಗಡಿಯ ಮೇಲಿನ ನಂಬಿಕೆಯೂ ಉಳಿಯುತ್ತದೆ.