ಒಂದು ಎಸೆತ, ಒಂದು ದಾಖಲೆ: ಗಣಕದಲ್ಲಿ ಕ್ರಿಕೆಟ್ ಲೆಕ್ಕ

ಸುಗ್ಗಿ ಬೆಳೆಯ ಕೊಯ್ಲು ಮುಗಿದು, ಗದ್ದೆಯ ಕೂಳೆ ಒಣಗಿ, ನೆಲ ಗಟ್ಟಿಯಾಗುವ ಹೊತ್ತಿಗೆ ಪುತ್ತಿಗೆ, ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳ ಸುತ್ತಿನಲ್ಲಿ ಪಂದ್ಯಾಟಗಳ ಕಾಲವೂ ಬರುತ್ತದೆ. ಆಟವು ಓವರ್ ಆರ್ಮ್ ಆಗಿರಲಿ, ಕರಾವಳಿಯವರಿಗೆ ವಿಶೇಷ ಪ್ರೀತಿಯದಾದ ಅಂಡರ್ ಆರ್ಮ್ ಆಗಿರಲಿ, ಹಗಲಿನದಾಗಿರಲಿ, ಹೊನಲು ಬೆಳಕಿನದಾಗಿರಲಿ, ಶಾಮಿಯಾನದ ನೆರಳಿನಲ್ಲಿ, ವೀಕ್ಷಕ ವಿವರಣೆಯ ಮೈಕಿನ ಪಕ್ಕದಲ್ಲಿ, ಕೂಗಾಟದ ನಡುವೆಯೂ ಕೂಗದೆ ಕುಳಿತಿರುವ ಒಬ್ಬಾತನಿರುತ್ತಾನೆ, ಅವನೇ ಸ್ಕೋರರ್. ಹಿಂದೆ ಅವನ ಮುಂದೆ ಉದ್ದನೆಯ ಸ್ಕೋರ್ ಪುಸ್ತಕವೂ ಚೂಪು ಮಾಡಿದ ಪೆನ್ಸಿಲ್ಲೂ ಇರುತ್ತಿದ್ದವು. ಈಗ ಅಂಗೈಯಲ್ಲಿ ಮೊಬೈಲ್ ಫೋನ್ ಇರುತ್ತದೆ. ಅವನು ಬೆರಳೊತ್ತಿದ ಕೆಲವು ಕ್ಷಣಗಳಲ್ಲಿ, ಮುಂಬಯಿಯಲ್ಲಿಯೋ ಮಸ್ಕತ್ತಿನಲ್ಲಿಯೋ ದುಡಿಯುತ್ತಿರುವ ಅಣ್ಣನು ಊರಿನ ಗದ್ದೆಯಲ್ಲಿ ಆಡುತ್ತಿರುವ ತಮ್ಮನ ರನ್ನುಗಳನ್ನು ಅರಿಯಬಲ್ಲನು. ಈ ಸೌಕರ್ಯದ ಹಿಂದೆ ಅಡಗಿರುವ ಯುಕ್ತಿಯನ್ನೂ ಅದರ ಎಲ್ಲೆಯನ್ನೂ ತಿಳಿಸುವುದು ಈ ಅಧ್ಯಾಯದ ಉದ್ದೇಶ.

ಸ್ಕೋರರನ ಧರ್ಮ

ಕ್ರಿಕೆಟಿನ ನಿಯಮಾವಳಿಯ ಮೂರನೆಯ ನಿಯಮವು ಸ್ಕೋರರುಗಳಿಗೇ ಮೀಸಲಾಗಿದೆ. ಅದರಂತೆ ಇಬ್ಬರು ಸ್ಕೋರರುಗಳಿರತಕ್ಕದ್ದು. ಅವರು ರನ್, ವಿಕೆಟ್ ಮತ್ತು ಓವರುಗಳನ್ನು ದಾಖಲಿಸತಕ್ಕದ್ದು. ತಮ್ಮ ದಾಖಲೆಗಳು ಪರಸ್ಪರ ಹೊಂದುತ್ತವೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳತಕ್ಕದ್ದು. ಅಂಪಾಯರನ ಪ್ರತಿಯೊಂದು ಸಂಜ್ಞೆಗೂ ಬೇರೆ ಬೇರೆಯಾಗಿ ಮರುಸಂಜ್ಞೆ ಕೊಡತಕ್ಕದ್ದು. ಇಬ್ಬರೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಮುಂದೆ ಕಾಣುವೆವು. ಗಣಕಯುಗದಲ್ಲಿ ಆ ಎರಡನೆಯವನ ಅಗತ್ಯವು ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಕೋರ್ ಬರೆಯುವುದರಲ್ಲಿ ಎರಡು ಸಂಪ್ರದಾಯಗಳುಂಟು. ಶಾಲೆ ಕಾಲೇಜುಗಳಲ್ಲಿ ನಾವೆಲ್ಲ ಕಂಡದ್ದು ಚೌಕಗಳ ಪದ್ಧತಿ: ಪ್ರತಿ ಎಸೆತಕ್ಕೂ ಬ್ಯಾಟರನ ಸಾಲಿನಲ್ಲೊಂದು ಗುರುತು, ಬೌಲರನ ಚೌಕದಲ್ಲೊಂದು ಗುರುತು, ಒಟ್ಟು ಮೊತ್ತದ ಪಟ್ಟಿಯಲ್ಲಿ ಹೊಡೆದುಹಾಕುವ ಅಂಕೆಯೊಂದು. ಇನ್ನೊಂದು ಸಾಲು ಪದ್ಧತಿ: ಯಾವ ಬೌಲರನು ಯಾವ ಬ್ಯಾಟರನಿಗೆ ಎಷ್ಟು ಹೊತ್ತಿಗೆ ಎಸೆದನು, ಅದರಿಂದೇನಾಯಿತು ಎಂಬುದನ್ನು ಘಟನೆಗಳ ಕ್ರಮದಲ್ಲಿಯೇ ಬರೆಯುತ್ತ ಹೋಗುವುದು. ಆಸ್ಟ್ರೇಲಿಯದ ಸ್ಕೋರರ್ ಫರ್ಗ್ಯುಸನ್ ಬಳಸಿದ ಈ ಮಾರ್ಗವನ್ನು, 1966ರಿಂದ ಬಿಬಿಸಿ ಬಾನುಲಿಗೆ ಸ್ಕೋರರ್ ಆಗಿದ್ದ ಬಿಲ್ ಫ್ರಿಂಡಾಲ್ ಪರಿಷ್ಕರಿಸಿ ಪ್ರಸಿದ್ಧಿಗೆ ತಂದನು. ಇಂದಿನ ತಂತ್ರಾಂಶವೆಲ್ಲ ಈ ಎರಡನೆಯ ಸಂಪ್ರದಾಯದ ಸಂತಾನವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವೆಲ್ಲ ಸುಲಭವಾಗುತ್ತದೆ.

ಯಂತ್ರದೊಳಗಿನ ಯುಕ್ತಿ

ತಂತ್ರಾಂಶವು ಒಟ್ಟು ಮೊತ್ತವನ್ನು ಒಂದೆಡೆ, ಬ್ಯಾಟರನ ರನ್ನುಗಳನ್ನು ಇನ್ನೊಂದೆಡೆ, ಬೌಲರನ ಲೆಕ್ಕವನ್ನು ಮತ್ತೊಂದೆಡೆ ಇಟ್ಟುಕೊಂಡು ಪ್ರತಿ ಎಸೆತಕ್ಕೂ ಕೂಡುತ್ತ ಹೋಗುತ್ತದೆಂದು ಸಾಮಾನ್ಯವಾಗಿ ಜನರು ತಿಳಿಯುತ್ತಾರೆ. ಚೆನ್ನಾಗಿ ರಚಿತವಾದ ತಂತ್ರಾಂಶದಲ್ಲಿ ಹಾಗಿರುವುದಿಲ್ಲ. ಅಲ್ಲಿ ಮೂಲವಾಗಿ ಉಳಿಯುವುದು ಎಸೆತಗಳ ಸಾಲು ಮಾತ್ರ. ಬ್ಯಾಟರನ ಐವತ್ತು, ಬೌಲರನ ಮೇಡನ್, ಜತೆಯಾಟದ ನೂರು, ಇವೆಲ್ಲವೂ ಆ ಸಾಲನ್ನು ಮೊದಲಿನಿಂದ ಕಡೆಯವರೆಗೆ ಓದಿ ಆಗಿಂದಾಗ್ಗೆ ತೆಗೆದುಕೊಳ್ಳುವ ಫಲಿತಗಳು.

ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಕೊಡುವ ಉದಾಹರಣೆಯೊಂದಿದೆ. ಬೌಲರನು ವೈಡ್ ಎಸೆಯುತ್ತಾನೆ, ವಿಕೆಟ್‌ಕೀಪರನ ಕೈತಪ್ಪುತ್ತದೆ, ಬ್ಯಾಟರುಗಳು ಒಂದು ರನ್ ಓಡುತ್ತಾರೆ. ಈ ಒಂದೇ ಘಟನೆಯಿಂದ ಮೊತ್ತಕ್ಕೆ 2 ಸೇರಿತು, ಇತರೆ ರನ್ನುಗಳ ವೈಡ್ ಕಾಲಮಿಗೂ 2, ಬೌಲರನ ಖಾತೆಗೂ 2, ಅವನ ಮೇಡನ್ ಹೋಯಿತು, ಜತೆಯಾಟಕ್ಕೆ 2, ಆದರೆ ಬ್ಯಾಟರನಿಗೆ ರನ್ನೂ ಇಲ್ಲ, ಎದುರಿಸಿದ ಎಸೆತವೂ ಇಲ್ಲ, ಓವರಿನ ಎಸೆತಗಳ ಎಣಿಕೆಯೂ ಮುಂದೆ ಹೋಗಲಿಲ್ಲ, ಸ್ಟ್ರೈಕ್ ಮಾತ್ರ ಬದಲಾಯಿತು. ಇದರ ಪಕ್ಕದಲ್ಲಿ ಒಂದು ಲೆಗ್‌ಬೈಯನ್ನಿಟ್ಟು ನೋಡಿ: ಮೊತ್ತಕ್ಕೆ 1 ಬಂದರೂ ಬೌಲರನಿಗೆ ಹೊರೆಯಿಲ್ಲ, ಅವನ ಮೇಡನ್ ಕೆಡುವುದಿಲ್ಲ, ಎಸೆತವು ಎಣಿಕೆಗೆ ಬರುತ್ತದೆ, ಬ್ಯಾಟರನು ಎದುರಿಸಿದ್ದಾಗಿಯೂ ಲೆಕ್ಕವಾಗುತ್ತದೆ.

ಹೊಸದಾಗಿ ತಂತ್ರಾಂಶ ಬರೆಯಹೊರಡುವ ತರುಣರು ಎಡವುವುದು ಇಲ್ಲಿಯೇ. ಬೆಸಸಂಖ್ಯೆಯ ರನ್ ಬಂದರೆ ಸ್ಟ್ರೈಕ್ ಬದಲಾಗುತ್ತದೆಂಬ ಸೂತ್ರವನ್ನು ಅವರು ಬರೆದುಬಿಡುತ್ತಾರೆ. ಮೇಲಿನ ಉದಾಹರಣೆಯಲ್ಲಿ ಬಂದದ್ದು 2 ರನ್, ಸಮಸಂಖ್ಯೆ. ಆದರೂ ಸ್ಟ್ರೈಕ್ ಬದಲಾಯಿತು. ವೈಡ್ ಚೆಂಡು ಬೌಂಡರಿಗೆ ಹೋದರೆ ಬರುವುದು 5, ಬೆಸಸಂಖ್ಯೆ. ಆದರೆ ಸ್ಟ್ರೈಕ್ ಬದಲಾಗುವುದಿಲ್ಲ. ದಂಡದ ರನ್ ಬೇರೆ, ಓಡಿದ ರನ್ ಬೇರೆ, ಬೌಂಡರಿಯ ರನ್ ಬೇರೆ. ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳುವ ತಂತ್ರಾಂಶವೇ ಆಟವನ್ನು ಅರಿತ ತಂತ್ರಾಂಶ. ಎಷ್ಟು ಸಣ್ಣ ಭೇದ, ಎಷ್ಟು ದೊಡ್ಡ ಪಾಠ!

ಇನ್ನೊಂದು ಎಡವುಗಲ್ಲು ಓವರಿನ ಚುಕ್ಕಿ. ಬೆಂಗಳೂರಿನ ಅನಿಲ್ ಕುಂಬ್ಳೆಯವರು, ಕಾಸರಗೋಡಿನ ಕುಂಬಳೆಯ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತವರು, 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಪಡೆದ ದಿನದ ಲೆಕ್ಕವನ್ನು ಕರ್ನಾಟಕದ ಕ್ರಿಕೆಟ್ ಪ್ರೇಮಿಗಳು ಬಾಯಿಪಾಠವಾಗಿ ಹೇಳಬಲ್ಲರು: 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಇಲ್ಲಿಯ 26.3 ಎಂಬುದು ದಶಮಾಂಶವಲ್ಲ. ಇಪ್ಪತ್ತಾರು ಓವರ್ ಮತ್ತು ಮೂರು ಎಸೆತ, ಅಂದರೆ ಇಪ್ಪತ್ತಾರೂವರೆ ಓವರ್, 159 ಎಸೆತ. 74ನ್ನು 26.5ರಿಂದ ಭಾಗಿಸಿದರೆ ಓವರಿಗೆ 2.79 ರನ್, ಚುಕ್ಕಿಯನ್ನು ನಂಬಿ 26.3ರಿಂದ ಭಾಗಿಸಿದರೆ 2.81. ಕೂಡುವಾಗ ಪ್ರಮಾದವು ಇನ್ನೂ ಸ್ಪಷ್ಟವಾಗುತ್ತದೆ: ಒಬ್ಬನು 3.4 ಓವರ್, ಇನ್ನೊಬ್ಬನು 2.5 ಓವರ್ ಎಸೆದಿದ್ದರೆ ಒಟ್ಟು 5.9 ಓವರ್ ಎಂಬ, ಜಗತ್ತಿನಲ್ಲಿ ಇಲ್ಲದ ಸಂಖ್ಯೆಯೊಂದು ಹುಟ್ಟುತ್ತದೆ. ಸರಿಯಾದ ಉತ್ತರ 39 ಎಸೆತ, ಅಂದರೆ 6.3 ಓವರ್. ಆದುದರಿಂದ ತಂತ್ರಾಂಶವು ಒಳಗೆ ಎಸೆತಗಳನ್ನೇ ಎಣಿಸಿ, ಓವರುಗಳನ್ನು ತೋರಿಸುವಾಗ ಮಾತ್ರ ಚುಕ್ಕಿಯಿಡಬೇಕು.

ತಾಳೆಯಾದುದೆಲ್ಲ ಸತ್ಯವೇ?

ಇನ್ನು ನನಗೆ ಅತ್ಯಂತ ಮುಖ್ಯವೆಂದು ತೋರುವ ವಿಷಯಕ್ಕೆ ಬರುತ್ತೇನೆ. ಹಳೆಯ ಸ್ಕೋರರುಗಳು ಇನಿಂಗ್ಸ್ ಮುಗಿದೊಡನೆ ಎರಡು ತಾಳೆಗಳನ್ನು ನೋಡುತ್ತಿದ್ದರು. ಬ್ಯಾಟರುಗಳ ರನ್ನುಗಳಿಗೆ ಇತರೆ ರನ್ನುಗಳನ್ನು ಕೂಡಿದರೆ ಮೊತ್ತ ಬರಬೇಕು. ಬೌಲರುಗಳು ಕೊಟ್ಟ ರನ್ನುಗಳಿಗೆ ಬೈ, ಲೆಗ್‌ಬೈಗಳನ್ನೂ, ಇದ್ದರೆ ದಂಡದ ಐದು ರನ್ನುಗಳನ್ನೂ ಕೂಡಿದರೆ ಅದೇ ಮೊತ್ತ ಬರಬೇಕು. ಬರದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ತಿಳಿದು, ಪುಟವನ್ನು ಮೊದಲಿನಿಂದ ಶೋಧಿಸುತ್ತಿದ್ದರು. ಕಾಗದದ ಮೇಲೆ ಮೂರು ಕಡೆ ಮೂರು ಸಲ ಬರೆಯುತ್ತಿದ್ದುದರಿಂದ ಒಂದು ಕಡೆಯ ಮರೆವನ್ನು ಇನ್ನೊಂದು ಕಡೆಯ ಬರಹವು ಬಯಲಿಗೆಳೆಯುತ್ತಿತ್ತು.

ಗಣಕದಲ್ಲಿ ಇದೆಲ್ಲವೂ ಒಂದೇ ದಾಖಲೆಯಿಂದ ಹೊರಡುವುದರಿಂದ ತಾಳೆಯು ಎಂದಿಗೂ ತಪ್ಪುವುದಿಲ್ಲ. ಈ ನಿರ್ದೋಷತೆಯೇ ಮೋಸಗೊಳಿಸುವಂಥದು. ಚೆಂಡು ಬ್ಯಾಟರನ ಪ್ಯಾಡಿಗೆ ತಗುಲಿ ಹೋಯಿತು. ಅಂಪಾಯರನು ಲೆಗ್‌ಬೈ ಸಂಜ್ಞೆ ಕೊಟ್ಟನು. ಸ್ಕೋರರನು ಅದನ್ನು ನೋಡದೆ ಬ್ಯಾಟಿನಿಂದ ಬಂದ ಒಂದು ರನ್ನೆಂದು ಒತ್ತಿದನೆಂದು ಭಾವಿಸೋಣ. ಮೊತ್ತ ಸರಿಯಾಗಿದೆ, ಸ್ಟ್ರೈಕ್ ಸರಿಯಾಗಿದೆ, ಎರಡೂ ತಾಳೆಗಳು ಸರಿಯಾಗಿವೆ. ಆದರೆ ಬ್ಯಾಟರನು ಹೊಡೆಯದ ರನ್ನೊಂದು ಅವನ ಹೆಸರಿಗೆ ಬಂದಿತು, ಬೌಲರನು ಕೊಡದ ರನ್ನೊಂದು ಅವನ ತಲೆಗೆ ಬಿದ್ದಿತು, ಪ್ರಾಯಶಃ ಅವನು ಕಷ್ಟಪಟ್ಟು ಗಳಿಸಿದ ಮೇಡನ್ ಒಂದು ಕಾಣದೆ ಹೋಯಿತು. ಈ ತಪ್ಪನ್ನು ಯಂತ್ರವು ಎಷ್ಟು ಸಲ ಕೂಡಿದರೂ ಕಂಡುಹಿಡಿಯಲಾರದು. ಕಂಡುಹಿಡಿಯಬಲ್ಲುದು ಪಕ್ಕದಲ್ಲಿ ಕುಳಿತು ತನ್ನ ಕಣ್ಣಿನಿಂದ ನೋಡಿ ಪ್ರತ್ಯೇಕವಾಗಿ ಬರೆದ ಎರಡನೆಯ ಸ್ಕೋರರನೊಬ್ಬನೇ. ಕಂಡಮೇಲೆ ತಿದ್ದುವುದು ಗಣಕಕ್ಕೆ ಲೀಲಾಜಾಲ: ಆ ಒಂದು ಎಸೆತದ ದಾಖಲೆಯನ್ನು ಬದಲಿಸಿದರೆ ಸಾಕು, ಮಿಕ್ಕ ಅಂಕೆಗಳೆಲ್ಲ ತಾವಾಗಿ ಹೊಸದಾಗಿ ಹುಟ್ಟುತ್ತವೆ.

ತಾಳೆಯಾದುದೆಲ್ಲ ಸತ್ಯವಲ್ಲವೆಂಬುದು ಮೂಡುಬಿದಿರೆಯ ನೆರೆಯಲ್ಲಿರುವ ನಮಗೆ ತಿಳಿಯದ ಮಾತೇನಲ್ಲ. ಅಲ್ಲಿಯ ಗುರುಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ರಕ್ಷಿತವಾಗಿ ಬಂದವು. ಓಲೆಯ ಮೇಲೆ ಬರೆಯುವ ಲಿಪಿಕಾರನು ಒಂದಕ್ಷರವನ್ನು ತಪ್ಪಿ ಓದಿದರೆ, ಅವನ ಪ್ರತಿಯಿಂದ ಇಳಿದ ಪ್ರತಿಗಳೆಲ್ಲವೂ ಪರಸ್ಪರ ಹೊಂದಿಕೊಂಡೇ ತಪ್ಪಾಗಿರುತ್ತವೆ. ಬೇರೊಂದು ಪ್ರತಿಯೊಡನೆ ಹೋಲಿಸಿದಾಗಲೇ ದೋಷ ಕಾಣುವುದು. ಸ್ಕೋರರನು ಆ ಲಿಪಿಕಾರನ ಕುಲದವನು. ಓಲೆಗೆ ಬದಲಾಗಿ ಗಾಜಿನ ಪರದೆ ಬಂದಿದೆಯೆಂದ ಮಾತ್ರಕ್ಕೆ ಆ ಕುಲಧರ್ಮವು ಬದಲಾಗಲಿಲ್ಲ.

ನಿಯಮವೂ ಓದುಗನೂ

ತಂತ್ರಾಂಶದೊಳಗೆ ನಿಯಮವಿರುತ್ತದೆ, ನಿಯಮವು ಕಾಲಕಾಲಕ್ಕೆ ಬದಲಾಗುತ್ತದೆ. 2017ರ ನಿಯಮಾವಳಿಗೆ ಮೊದಲು ನೋಬಾಲಿನಲ್ಲಿ ಬೈ ಓಡಿದರೆ ಆ ರನ್ನುಗಳೂ ನೋಬಾಲಿನ ಲೆಕ್ಕಕ್ಕೇ ಸೇರಿ ಬೌಲರನ ಮೇಲೆ ಬೀಳುತ್ತಿದ್ದವು. ಆಮೇಲೆ ದಂಡದ ಒಂದು ರನ್ ಮಾತ್ರ ನೋಬಾಲಾಗಿ, ಓಡಿದ್ದು ಬೈ ಆಗಿಯೇ ಉಳಿಯುವಂತಾಯಿತು. 2022ರ ಅಕ್ಟೋಬರ್ 1ರಿಂದ, ಬ್ಯಾಟರನು ಕ್ಯಾಚ್ ಆಗಿ ಔಟಾದಾಗ, ಇಬ್ಬರೂ ದಾಟಿದ್ದರೂ ಸಹ, ಓವರ್ ಮುಗಿದಿಲ್ಲವಾದರೆ ಹೊಸದಾಗಿ ಬಂದವನೇ ಮುಂದಿನ ಎಸೆತವನ್ನು ಎದುರಿಸಬೇಕು. ನಿಯಮವನ್ನು ತಿಳಿಯದ ಸ್ಕೋರರನಿಗೆ ತನ್ನ ಆ್ಯಪ್ ಹಳೆಯ ನಿಯಮದಲ್ಲಿಯೇ ನಡೆಯುತ್ತಿದೆಯೆಂಬುದು ಹೇಗೆ ಗೊತ್ತಾಗಬೇಕು? ಅಂಡರ್ ಆರ್ಮಿನಂತಹ ಆಟದಲ್ಲಿಯಂತೂ ವ್ಯವಸ್ಥಾಪಕರು ತಮ್ಮ ಪಂದ್ಯಾಟಕ್ಕೆ ತಕ್ಕಂತೆ ಮಾಡಿಕೊಂಡ ಕಟ್ಟಳೆಗಳನ್ನು ಆಟದ ಮೊದಲೇ ತಂತ್ರಾಂಶದಲ್ಲಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಇನ್ನು ಯಂತ್ರ ಹೇಳಿದ ಸಂಖ್ಯೆಯನ್ನು ಓದುವ ಕೆಲಸ. 1992ರ ಮಾರ್ಚ್ 22ರಂದು ಸಿಡ್ನಿಯ ವಿಶ್ವಕಪ್ ಸೆಮಿಫೈನಲಿನಲ್ಲಿ 13 ಎಸೆತಗಳಲ್ಲಿ 22 ರನ್ ಬೇಕಾಗಿದ್ದ ದಕ್ಷಿಣ ಆಫ್ರಿಕಕ್ಕೆ, ಮಳೆ ನಿಂತ ಮೇಲೆ ಉಳಿದದ್ದು ಒಂದೇ ಎಸೆತ. ಫಲಕದ ಮೇಲೆ ಆಗಲೂ 22 ರನ್ ಎಂದೇ ಕಾಣಿಸಿತು, ನಿಜವಾಗಿ ಬೇಕಾಗಿದ್ದುದು 21. ಅಂದಿನ ಅನ್ಯಾಯವನ್ನು ಕಂಡ ಲೋಕವು ಡಕ್‌ವರ್ತ್ ಮತ್ತು ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಮಳೆಯಿಂದ ಮೊಟಕಾದ ಪಂದ್ಯದ ಗುರಿಯನ್ನು ಲೆಕ್ಕಹಾಕಲು ರಚಿಸಿದ ಸೂತ್ರವನ್ನು 1997ರ ಜನವರಿ 1ರಂದು ಹರಾರೆಯಲ್ಲಿ ಮೊದಲ ಬಾರಿ ಅಂತರರಾಷ್ಟ್ರೀಯ ಪಂದ್ಯದಲ್ಲಿ ಬಳಸಿತು. ಸೂತ್ರ ಬಂದಿತು, ಕೋಷ್ಟಕ ಬಂದಿತು, ಗಣಕ ಬಂದಿತು. ಆದರೂ 2003ರ ಮಾರ್ಚ್ 3ರಂದು ಡರ್ಬನ್ನಿನಲ್ಲಿ ಅದೇ ದಕ್ಷಿಣ ಆಫ್ರಿಕವು ಸಮವಾಗಲು ಬೇಕಾದ 229ನ್ನು ಗೆಲ್ಲಲು ಬೇಕಾದ ಸಂಖ್ಯೆಯೆಂದು ಓದಿ, ಮಳೆಯಿಂದ ಆಟ ನಿಲ್ಲುವ ಮೊದಲಿನ ಕೊನೆಯ ಎಸೆತದಲ್ಲಿ ರನ್ ತೆಗೆಯದೆ ಬಿಟ್ಟು, ವಿಶ್ವಕಪ್ಪಿನಿಂದಲೇ ಹೊರಬಿದ್ದಿತು. ಕೋಷ್ಟಕ ತಪ್ಪಿರಲಿಲ್ಲ, ಓದು ತಪ್ಪಿತ್ತು.

ಓದುಗರಲ್ಲಿ ವಿಜ್ಞಾಪನೆ

ಈಗ ಕ್ರಿಕ್‌ಹೀರೋಸ್ ಮೊದಲಾದ ಆ್ಯಪ್‌ಗಳಿಂದಾಗಿ ಊರಿನ ಪಂದ್ಯದ ಲೆಕ್ಕವೂ ಉಳಿಯುವಂತಾಗಿದೆ. ಟ್ರೋಫಿ ಒಬ್ಬರ ಮನೆಗೆ ಹೋಗಿ, ಸ್ಕೋರ್ ಪುಸ್ತಕವು ಇನ್ನಾರದೋ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ಆದರೆ ಉಳಿಯುವುದು ಸತ್ಯವಾಗಿರಬೇಕಾದರೆ ಬರೆಯುವವನು ಶಿಕ್ಷಿತನಾಗಿರಬೇಕು. ನಮ್ಮ ಯುವಕಸಂಘಗಳು ಆಟಗಾರರಿಗೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಸ್ಕೋರರುಗಳಿಗೂ ಕೊಡಲಿ. ಒಬ್ಬನು ಫೋನಿನಲ್ಲಿ, ಇನ್ನೊಬ್ಬನು ಕಾಗದದಲ್ಲಿ ಬರೆದು ಪ್ರತಿ ಓವರಿನ ಕೊನೆಗೆ ಹೋಲಿಸಿಕೊಳ್ಳಲಿ. ಗಣಕಶಾಸ್ತ್ರ ಕಲಿಯುತ್ತಿರುವ ವಿದ್ಯಾರ್ಥಿಗಳು ಇದಕ್ಕಿಂತ ರಸವತ್ತಾದ ಅಭ್ಯಾಸವನ್ನು ಬೇರೆಲ್ಲಿ ಹುಡುಕಬೇಕು? ಎಸೆತಗಳ ಸಾಲನ್ನು ಓದಿ ಸ್ಕೋರ್ ಪಟ್ಟಿ ತೆಗೆಯುವ ಸಣ್ಣ ತಂತ್ರಾಂಶವೊಂದನ್ನು ಕನ್ನಡದಲ್ಲಿಯೇ ಬರೆದು ನೋಡಲಿ. ಆಟವೂ ಗಣಿತವೂ ಒಟ್ಟಿಗೆ ತಿಳಿದಾವು.

ಓದುಗರೇ, ಮುಂದಿನ ಪಂದ್ಯಾಟಕ್ಕೆ ಹೋದಾಗ ಜೇಬಿನಲ್ಲೊಂದು ಕಾಗದವನ್ನೂ ಪೆನ್ಸಿಲನ್ನೂ ಇಟ್ಟುಕೊಳ್ಳಿರಿ. ಒಂದೇ ಒಂದು ಓವರನ್ನು, ಒಂದು ಎಸೆತವನ್ನೂ ಬಿಡದೆ, ಅಂಪಾಯರನ ಕೈಯನ್ನು ನೋಡಿ ನೀವೇ ಬರೆದು, ಶಾಮಿಯಾನದ ಕೆಳಗೆ ಕುಳಿತಿರುವವನ ಲೆಕ್ಕದೊಡನೆ ಹೋಲಿಸಿರಿ. ಈ ವಿದ್ಯೆಯ ಮೊದಲ ಪಾಠ ಅದೇ.