ಪ್ಲಾಸ್ಟಿಕ್ ಕಸದ ವಿಘಟನೆಯಲ್ಲಿ ಬ್ಯಾಕ್ಟೀರಿಯ ಮತ್ತು ಕಿಣ್ವಗಳು

ನೀರಿನ ಬಾಟಲಿ ಹಾಗೂ ಪಾಲಿಯೆಸ್ಟರ್ ಬಟ್ಟೆಗಳ ಮೂಲದ್ರವ್ಯವಾದ ಪಾಲಿಎಥಿಲೀನ್ ಟೆರೆಥ್ಯಾಲೇಟ್, ರೂಢಿಯ ಹೆಸರಿನಲ್ಲಿ 'ಪೆಟ್', 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅವರ ಪ್ರಯೋಗಗಳಿಂದ ರೂಪುಗೊಂಡಿತು. ನಿಸರ್ಗಕ್ಕೆ ಅಪರಿಚಿತವಾದ ಈ ವಸ್ತುವನ್ನು ಜೈವಿಕ ವಿಘಟನೆಗೆ ಸುಲಭವಾಗಿ ಒಳಗಾಗದ ವಸ್ತುಗಳ ಸಾಲಿಗೇ ಸೇರಿಸಲಾಗಿತ್ತು.

ಜಪಾನಿನ ಸಕಾಯ್ ನಗರದ ಪೆಟ್ ಬಾಟಲಿ ಮರುಬಳಕೆ ಘಟಕವೊಂದರಿಂದ ಮಣ್ಣು, ಕೊಳಚೆನೀರು, ಕೆಸರು ಮೊದಲಾದ 250 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದ ಯೊಶಿದ, ಓಡ ಮತ್ತು ಸಂಗಡಿಗರು 2016ರಲ್ಲಿ ಒಂದು ಹೊಸ ಬ್ಯಾಕ್ಟೀರಿಯವನ್ನು ವರದಿಮಾಡಿದರು. ಅದಕ್ಕೆ 'ಐಡಿಯೊನೆಲ್ಲ ಸಕಾಯೆನ್ಸಿಸ್' ಎಂದು ಹೆಸರಿಡಲಾಯಿತು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ತೆಳುವಾದ ಪೆಟ್ ಹಾಳೆಯೊಂದನ್ನು ಆರು ವಾರಗಳಲ್ಲಿ ಬಹುತೇಕ ಕರಗಿಸಿತು.

ಈ ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆ. ಬ್ಯಾಕ್ಟೀರಿಯವು ಹೊರಕ್ಕೆ ಸ್ರವಿಸುವ 'ಪೆಟೇಸ್' ಎಂಬ ಕಿಣ್ವವು ಪೆಟ್ ಸರಪಳಿಯ ಎಸ್ಟರ್ ಬಂಧಗಳನ್ನು ನೀರಿನ ನೆರವಿನಿಂದ ಕತ್ತರಿಸಿ ಚಿಕ್ಕ ಅಣುಗಳನ್ನು ಉಂಟುಮಾಡುತ್ತದೆ. ಅವುಗಳನ್ನು 'ಮೆಹೆಟೇಸ್' ಎಂಬ ಎರಡನೆಯ ಕಿಣ್ವವು ಟೆರೆಥ್ಯಾಲಿಕ್ ಆಮ್ಲ ಮತ್ತು ಎಥಿಲೀನ್ ಗ್ಲೈಕಾಲ್‌ಗಳಾಗಿ ಒಡೆಯುತ್ತದೆ. ಕೋಶಕ್ಕೆ ಇವೇ ಆಹಾರ. ಪೆಟ್ ಹೊಸದಾದರೂ ಎಸ್ಟರ್ ಬಂಧ ಹೊಸದಲ್ಲ. ಎಲೆಗಳ ಮೇಲ್ಪದರದ ಕ್ಯೂಟಿನ್ ಕೂಡ ಒಂದು ಪಾಲಿಯೆಸ್ಟರೇ ಆಗಿದ್ದು, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಲ್ಲಿ ಕ್ಯೂಟಿನೇಸ್ ಎಂಬ ಕಿಣ್ವಗಳಿವೆ. ಪೆಟೇಸ್ ರಚನೆಯಲ್ಲಿ ಅವುಗಳ ಸಮೀಪ ಬಂಧು.

'ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯ' ಎಂದು ಹೊಗಳುವಾಗ ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಪ್ರಯೋಗದ ಹಾಳೆಯಲ್ಲಿ ಸ್ಫಟಿಕೀಯ ಭಾಗ ಶೇ. 2ರಷ್ಟೂ ಇರಲಿಲ್ಲ. ಬಾಟಲಿಯನ್ನು ಊದಿ ಹಿಗ್ಗಿಸುವಾಗಲಾದರೋ ಅಣುಸರಪಳಿಗಳು ಒತ್ತೊತ್ತಾಗಿ ಸಾಲುಗಟ್ಟಿ ಸ್ಫಟಿಕೀಯ ಭಾಗ ಹಲವು ಪಟ್ಟು ಹೆಚ್ಚುತ್ತದೆ. ಅಲ್ಲಿ ಕಿಣ್ವಕ್ಕೆ ನುಸುಳಲು ಎಡೆಯಿಲ್ಲ. ಸುಮಾರು 70 ಡಿಗ್ರಿಯಲ್ಲಿ ಸರಪಳಿಗಳು ಸಡಿಲಗೊಳ್ಳುತ್ತವೆ, ಆದರೆ ಪೆಟೇಸ್ ಅಷ್ಟು ಕಾವನ್ನು ತಾಳದು. ಆದ್ದರಿಂದ ಫ್ರಾನ್ಸಿನ ಸಂಶೋಧಕರು ಎಲೆಗೊಬ್ಬರದಲ್ಲಿ ದೊರೆತ ಒಂದು ಕ್ಯೂಟಿನೇಸನ್ನು ಮಾರ್ಪಡಿಸಿದರು. 2020ರಲ್ಲಿ ಪ್ರಕಟವಾದ ಅವರ ವರದಿಯಂತೆ 72 ಡಿಗ್ರಿಯಲ್ಲಿ 10 ಗಂಟೆಗಳೊಳಗೆ ಶೇ. 90ರಷ್ಟು ಪೆಟ್ ಮೂಲ ಘಟಕಗಳಾಗಿ ಒಡೆಯಿತು. ಅವುಗಳಿಂದ ಮತ್ತೆ ಬಾಟಲಿಗಳನ್ನೂ ತಯಾರಿಸಲಾಯಿತು. ಇಲ್ಲಿ ಕೆಲಸ ಮಾಡಿದ್ದು ಜೀವಂತ ಬ್ಯಾಕ್ಟೀರಿಯವಲ್ಲ, ಶುದ್ಧೀಕರಿಸಿದ ಕಿಣ್ವ. ಅದಕ್ಕೂ ಮೊದಲು ಬಾಟಲಿಯ ಚೂರುಗಳನ್ನು ಕರಗಿಸಿ, ಥಟ್ಟನೆ ತಣಿಸಿ, ನುಣ್ಣಗೆ ಪುಡಿಮಾಡಬೇಕಾಯಿತು. ತಿಪ್ಪೆಯ ಮೇಲೆ ಬ್ಯಾಕ್ಟೀರಿಯ ಚಿಮುಕಿಸಿ ಕಸ ಕರಗಿಸುವ ಕಲ್ಪನೆಗೂ ಇದಕ್ಕೂ ಬಹಳ ಅಂತರವಿದೆ.

ಹಾಲಿನ ಪೊಟ್ಟಣ, ಕೈಚೀಲಗಳ ಪಾಲಿಥೀನ್‌ನ ವಿಷಯವೇ ಬೇರೆ. ಅದರ ಬೆನ್ನೆಲುಬು ಕೇವಲ ಇಂಗಾಲ–ಇಂಗಾಲ ಬಂಧಗಳದು. ನೀರಿನ ನೆರವಿನಿಂದ ಕತ್ತರಿಸಲು ಅಲ್ಲಿ ಎಸ್ಟರ್ ಬಂಧವೇ ಇಲ್ಲ. ಹೀಗಾಗಿ ಕಿಣ್ವದ ತೊಟ್ಟಿಗೆ ಹಾಕುವ ಮೊದಲು ಪೆಟ್ಟನ್ನು ಉಳಿದ ಪ್ಲಾಸ್ಟಿಕ್ಕುಗಳಿಂದ ಬೇರ್ಪಡಿಸಲೇಬೇಕು. ನಮ್ಮ ನಗರಗಳಲ್ಲಿ ಆ ಕೆಲಸದ ದೊಡ್ಡ ಪಾಲನ್ನು ನಿರ್ವಹಿಸುತ್ತಿರುವುದು ಚಿಂದಿ ಆಯುವವರ ಕೈಗಳು.