ಇಯರ್‌ಫೋನಿನ ಕೀರಲಿಗೆ ಫೋಮ್ ಮದ್ದು

ಇಯರ್‌ಫೋನಿನಲ್ಲಿ ಹಾಡು ಕೇಳುವಾಗ ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ರಬ್ಬರ್ ಟಿಪ್ ತೆಗೆದು ಫೋಮ್ ಟಿಪ್ ಹಾಕಿದರೆ ಇದು ಕಡಿಮೆಯಾಗುವುದೇಕೆ?

ಇದರಲ್ಲಿ ಕಿವಿಯ ಪಾಲೂ ಇದೆ. ಕಿವಿಯ ನಾಳವೆಂದರೆ ಸುಮಾರು 2.5 ಸೆಂ.ಮೀ. ಉದ್ದದ ಕೊಳವೆ. ಅದರ ಬಾಯಿಗೆ ಇಯರ್‌ಫೋನ್ ಬಿರಡೆಯಂತೆ ಕೂತೊಡನೆ ಒಳಗಿನ ಗಾಳಿ 6,000ದಿಂದ 8,000 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸತೊಡಗುತ್ತದೆ. ‘ಸ’ಕಾರದ ಸೀಟಿಯಂಥ ಸದ್ದು ಇರುವುದೂ ಅಲ್ಲೇ!

ಸಾಮಾನಿಲ್ಲದ ಮನೆಯಲ್ಲಿ ಮಾತಾಡಿದರೆ ಗೋಡೆಗಳು ಗುಂಯ್‌ಗುಡುತ್ತವೆ. ಹಾಸಿಗೆ, ಪರದೆ ಬಂದ ಮೇಲೆ ಸುಮ್ಮನಾಗುತ್ತವೆ. ಫೋಮ್ ಮಾಡುವುದೂ ಅದನ್ನೇ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿ ಉಜ್ಜಿಕೊಂಡು ತೀಕ್ಷ್ಣ ಸ್ವರಗಳ ಕಸುವು ಕರಗುತ್ತದೆ. ಬೆರಳಲ್ಲಿ ಹಿಸುಕಿ ಕಿವಿಗಿಟ್ಟರೆ ಅದು ನಿಧಾನವಾಗಿ ಉಬ್ಬಿ ಸಂದು ಮುಚ್ಚುತ್ತದೆ. ಮಂದ್ರ ಸ್ವರಗಳು ಸೋರಿಹೋಗುವುದಿಲ್ಲ. ತಬಲಾದ ಡಗ್ಗ ತುಂಬಿ ಕೇಳಿಸಿದಾಗ ಕೀರಲು ತಾನಾಗಿ ಹಿಂದೆ ಸರಿಯುತ್ತದೆ.